ಗೆಳೆಯನ ನೆರವು ವರಮಾನವಾಗುತ್ತದೆಯೆ?

ಚಿತ್ರದುರ್ಗದ ಸೀಮೆಯಲ್ಲಿ, ಚಳ್ಳಕೆರೆಯ ತಾಲ್ಲೂಕಿಗೆ ಸೇರಿ ನಾಯಕನಹಟ್ಟಿಗೆ ಸಮೀಪವಾಗಿರುವ ಕುದಾಪುರವೆಂಬ ಊರಿನ ಹೆಸರನ್ನು ಶ್ರೋತೃಗಳಲ್ಲಿ ಹಲವರು ಕೇಳಿರಬಹುದು. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗಾಗಿ ಕಾದಿರಿಸಿದ್ದ ಹುಲ್ಲುಗಾವಲು ಅಲ್ಲಿಯದು. ೨೦೦೯ರಲ್ಲಿ ಆ ಕಾವಲಿನೊಳಗಿನ ಸುಮಾರು ೧,೫೦೦ ಎಕರೆ ನೆಲವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದುದರಿಂದ ಊರಿನ ಹೆಸರು ದೂರದವರೆಗೂ ಹಬ್ಬಿತು. ಸುತ್ತಣ ನೆಲವು ಮಳೆ ಕಡಮೆಯಾದುದು. ಕಡಲೆಕಾಯಿಯ ಬೆಳೆಯೂ ಕುರಿಯ ಮಂದೆಯೂ ಕಂಬಳಿಯ ನೆಯ್ಗೆಯೂ ಅಲ್ಲಿಯ ಜನರಿಗೆ ಬಹುಕಾಲದಿಂದ ಆಧಾರ.

ಇಂಥ ಊರಿನ ರೈತನೊಬ್ಬನನ್ನು ಈಗ ಮನಸ್ಸಿಗೆ ತಂದುಕೊಳ್ಳೋಣ. ಮಳೆ ಕೈಕೊಟ್ಟಿದೆ, ಕೊಳವೆಬಾವಿ ಬತ್ತಿದೆ, ಹೆಂಡತಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಬೇಕಾಗಿದೆ. ಅವನೊಡನೆ ಒಂದೇ ಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಗೆಳೆಯನೊಬ್ಬನು ವಿಷಯ ತಿಳಿದೊಡನೆ ೮೦,೦೦೦ ರೂಪಾಯಿಗಳನ್ನು ಬ್ಯಾಂಕಿನ ಮೂಲಕ ಕಳುಹಿಸಿ, “ಮೊದಲು ಆಸ್ಪತ್ರೆಗೆ ಕಟ್ಟಪ್ಪ, ಮಿಕ್ಕಿದ್ದು ಆಮೇಲೆ ನೋಡೋಣ” ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯಿತು. ನಮ್ಮ ನಾಡಿನಲ್ಲಿ ಸ್ನೇಹಿತರ ನಡುವಣ ನೆರವೆಲ್ಲವೂ ಬಹುಮಟ್ಟಿಗೆ ಹೀಗೆಯೇ ಮುಗಿಯುತ್ತದೆ. ಆದರೆ ಆದಾಯ ತೆರಿಗೆಯ ಕಾಯಿದೆಗೆ ಈ “ಆಮೇಲೆ ನೋಡೋಣ” ಎಂಬ ಮಾತು ಅರ್ಥವಾಗುವುದಿಲ್ಲ. ಅದು ಕೇಳುವ ಪ್ರಶ್ನೆ ಒಂದೇ: ಈ ಹಣ ಹಿಂದಿರುಗಿಸತಕ್ಕ ಸಾಲವೊ, ಹಿಂದಿರುಗಿಸಬೇಕಾಗಿಲ್ಲದ ಕೊಡುಗೆಯೊ? ಗೆಳೆಯರಿಬ್ಬರೂ ಸಂಕೋಚದಿಂದ ತೆರೆದಿಟ್ಟ ಪ್ರಶ್ನೆಯ ಮೇಲೆಯೇ ತೆರಿಗೆಯ ನಿರ್ಣಯವು ನಿಂತಿರುತ್ತದೆ.

ಮೊದಲು ವರಮಾನವೆಂದರೆ ಏನೆಂಬುದನ್ನು ವಿಚಾರಿಸೋಣ. ಕಲ್ಕತ್ತೆಯ ಷಾ ವಾಲೆಸ್ ಕಂಪೆನಿಗೆ ಎಣ್ಣೆ ಕಂಪೆನಿಗಳೆರಡು ತಮ್ಮ ಏಜೆನ್ಸಿಯನ್ನು ತಪ್ಪಿಸಿ, ಆ ಬಾಬ್ತು ಪರಿಹಾರ ಧನವನ್ನು ಕೊಟ್ಟಿದ್ದುವು. ಆ ಹಣ ವರಮಾನವೆ ಎಂಬ ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ೧೯೩೨ರಲ್ಲಿ ಆ ನ್ಯಾಯಪೀಠವು ತೀರ್ಮಾನ ಹೇಳುತ್ತ, ನಿರ್ದಿಷ್ಟವಾದ ಮೂಲವೊಂದರಿಂದ ಒಂದು ಬಗೆಯ ಕ್ರಮದಲ್ಲಿ ಬರುತ್ತಿರುವ ಹಣವೇ ವರಮಾನವೆಂದೂ, ಅದು ಮರಕ್ಕೆ ಫಲವಿದ್ದಂತೆ, ಹೊಲಕ್ಕೆ ಬೆಳೆಯಿದ್ದಂತೆ ಎಂದೂ ವಿವರಿಸಿತು. ಚಳ್ಳಕೆರೆಯ ರೈತನಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಿಂದ ಬಂದ ಕಡಲೆಕಾಯಿ ಬೆಳೆ. ದಾರಿಯಲ್ಲಿ ಹೋಗುತ್ತಿದ್ದ ನೆಂಟನು ಅಂಗಳದಲ್ಲಿ ಇಳಿಸಿಹೋದ ಮೂಟೆ ಬೆಳೆಯಲ್ಲ. ಈ ನ್ಯಾಯದಂತೆ ಗೆಳೆಯನು ಪ್ರೀತಿಯಿಂದ ಕೊಟ್ಟ ಹಣವು ವರಮಾನವಾಗಲಾರದು. ಬ್ರಿಟಿಷ್ ಇಂಡಿಯದ ೧೯೨೨ರ ಕಾಯಿದೆಯಲ್ಲಿಯೂ, ವ್ಯಾಪಾರ ವೃತ್ತಿಗಳಿಂದ ಹುಟ್ಟದೆ ಆಕಸ್ಮಿಕವಾಗಿ ಒಮ್ಮೆ ಬಂದು ಮತ್ತೆ ಬಾರದ ಹಣವನ್ನು ತೆರಿಗೆಯಿಂದ ಬಿಟ್ಟಿದ್ದರು.

ಇಲ್ಲಿ ಒಂದು ಸ್ಥಳೀಯ ಸಂಗತಿಯನ್ನು ಹೇಳಬಹುದು. ಕುದಾಪುರವೂ ಮೊಳಕಾಲ್ಮೂರೂ ಮೈಸೂರು ಸಂಸ್ಥಾನದೊಳಗಿದ್ದುದರಿಂದ ಅಲ್ಲಿಯವರಿಗೆ ೧೯೨೩ರ ಮೈಸೂರು ಆದಾಯ ತೆರಿಗೆಯ ಕಾಯಿದೆ ಅನ್ವಯಿಸುತ್ತಿದ್ದಿತು. ಮೊಳಕಾಲ್ಮೂರಿನ ಎಲ್ಲೆಯನ್ನು ದಾಟಿ ರಾಯದುರ್ಗಕ್ಕೆ ಹೋದರೆ, ಅದು ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಬ್ರಿಟಿಷ್ ಇಂಡಿಯದ ಕಾಯಿದೆಗೆ ಒಳಪಟ್ಟಿದ್ದಿತು. ರೇಷ್ಮೆ ಸೀರೆಯ ವ್ಯಾಪಾರಿಯೊಬ್ಬನು ಒಂದೇ ದಿನದಲ್ಲಿ ಎರಡು ಕಾಯಿದೆಗಳ ನೆರಳಿನಲ್ಲಿ ನಡೆದುಬರಬಹುದಾಗಿದ್ದಿತು. ೧೯೫೦ರ ಏಪ್ರಿಲ್ ೧ರಿಂದ ಈ ಭೇದವಳಿದು ಎರಡು ಕಡೆಯೂ ಒಂದೇ ಕಾಯಿದೆಯಾಯಿತು.

ಗೆಳೆತನದ ಹೆಸರಿನಲ್ಲಿ ಬಂದ ಹಣವೆಲ್ಲ ನಿಜವಾಗಿಯೂ ಗೆಳೆತನದಿಂದಲೇ ಬಂದುದೆ ಎಂಬ ಶಂಕೆಯು ನ್ಯಾಯಾಲಯಗಳನ್ನು ಮೊದಲಿನಿಂದಲೂ ಕಾಡಿದೆ. ತಿರುವನಂತಪುರದ ಕೃಷ್ಣ ಮೆನನ್ ಅವರು ಸರ್ಕಾರದ ನೌಕರಿಯಿಂದ ನಿವೃತ್ತರಾಗಿ ವೇದಾಂತವನ್ನು ಬೋಧಿಸುತ್ತಿದ್ದರು. ಯಾರಿಂದಲೂ ಶುಲ್ಕ ಕೇಳುತ್ತಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಲೆವಿ ಎಂಬ ಶಿಷ್ಯರೊಬ್ಬರು ಭಕ್ತಿಯಿಂದ ದೊಡ್ಡ ಮೊತ್ತಗಳನ್ನು ಅವರ ಲೆಕ್ಕಕ್ಕೆ ಸಲ್ಲಿಸಿದರು. ಸುಪ್ರೀಂ ಕೋರ್ಟು ಆ ಹಣವನ್ನು ವರಮಾನವೆಂದೇ ಎಣಿಸಿತು. ಬೋಧನೆಯೂ ಒಂದು ವೃತ್ತಿ. ಕೇಳದಿದ್ದರೂ ಆ ವೃತ್ತಿಯ ಕಾರಣದಿಂದಲೇ ಹಣ ಬಂದಿತಲ್ಲವೆ ಎಂಬುದು ಅದರ ತರ್ಕ. ಇದಕ್ಕೆ ಪ್ರತಿಯಾಗಿ ೧೯೬೧ರ ತೀರ್ಪೊಂದುಂಟು. ಭಾವನಗರದ ಮಹಾರಾಜರು ತಮ್ಮ ಮಾಜಿ ದಿವಾನರಾದ ಅನಂತರಾಯ ಪಟ್ಟಣಿಯವರಿಗೆ ಐದು ಲಕ್ಷ ರೂಪಾಯಿಗಳನ್ನು ಕೊಟ್ಟಿದ್ದರು. ಅದು ಸೇವೆಗೆ ಕೊಟ್ಟ ಕೂಲಿಯಲ್ಲ, ವ್ಯಕ್ತಿಯ ಮೇಲಣ ವಿಶ್ವಾಸದಿಂದ ಕೊಟ್ಟ ಕಾಣಿಕೆ, ಆದಕಾರಣ ತೆರಿಗೆಗೆ ಸಲ್ಲದು ಎಂದು ಅದೇ ಕೋರ್ಟು ಬಹುಮತದಿಂದ ಹೇಳಿತು. ೧೯೬೫ರಲ್ಲಿ, ಬರೋಡೆಯ ಮಹಾರಾಣಿ ಸೀತಾದೇವಿಯವರಿಂದ ಹಣವನ್ನೂ ಒಡವೆಗಳನ್ನೂ ಪಡೆದಿದ್ದ ಆಂಧ್ರದ ಮಹಿಳೆಯೊಬ್ಬರ ವ್ಯಾಜ್ಯದಲ್ಲಿ ಇನ್ನೊಂದು ಮುಖ್ಯವಾದ ಮಾತು ಹೊರಟಿತು: ಬಂದ ಹಣವು ವರಮಾನವೆಂದು ತೋರಿಸುವ ಭಾರ ಇಲಾಖೆಯದು, ವರಮಾನವೆಂದು ಸಿದ್ಧವಾದ ಬಳಿಕ ಅದಕ್ಕೆ ವಿನಾಯಿತಿಯುಂಟೆಂದು ತೋರಿಸುವ ಭಾರ ಮಾತ್ರ ತೆರಿಗೆದಾರನದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ನುಡಿಯೆಂದು ಆ ಸೀಮೆಯಲ್ಲೆಲ್ಲ “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಮಾತು ಬಾಯಿಂದ ಬಾಯಿಗೆ ಬಂದಿದೆ. ಆಗಿನ ನ್ಯಾಯಾಧೀಶರು ವಿಚಾರಿಸುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ಹಣವು ಮಾಡಿದ ಕೆಲಸಕ್ಕೆ ಬಂದುದಾದರೆ ವರಮಾನ. ಏನನ್ನೂ ಮಾಡದೆಯೇ ಬಂದುದಾದರೆ ವರಮಾನವಲ್ಲ.

ಈ ಸರಳವಾದ ನಿಯಮವು ಇಂದು ಉಳಿದಿಲ್ಲ. ಅದು ತಲೆಕೆಳಗಾದ ಬಗೆಯನ್ನು ತಿಳಿಯದೆ ನಮ್ಮ ರೈತನ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ೧೯೫೬ರಲ್ಲಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡೊರ್ ಅವರು ಭಾರತದ ತೆರಿಗೆಗಳ ಸುಧಾರಣೆಯನ್ನು ಕುರಿತು ವರದಿಯೊಂದನ್ನು ಸಲ್ಲಿಸಿದರು. ಅದರ ಫಲಗಳಲ್ಲಿ ೧೯೫೮ರ ದಾನ ತೆರಿಗೆಯೂ ಒಂದು. ಆ ತೆರಿಗೆ ಕೊಟ್ಟವನ ಮೇಲೆ ಬೀಳುತ್ತಿದ್ದಿತು, ಪಡೆದವನ ಮೇಲಲ್ಲ. ನಾಲ್ವತ್ತು ವರ್ಷ ನಡೆದು, ೧೯೯೮ರ ಅಕ್ಟೋಬರ್ ೧ರಿಂದ ಅದು ನಿಂತುಹೋಯಿತು. ಆಮೇಲೆ ಆರು ವರ್ಷಗಳ ಕಾಲ ಕೊಟ್ಟವನಿಗೂ ತೆರಿಗೆಯಿಲ್ಲ, ಪಡೆದವನಿಗೂ ಇಲ್ಲ. ಇಂಥ ಬಾಗಿಲು ತೆರೆದಿದ್ದರೆ ಕಳ್ಳ ಲೆಕ್ಕದವರು ಸುಮ್ಮನಿರುವರೆ? ತಮ್ಮದೇ ಹಣವನ್ನು ಯಾರೋ ಪರಿಚಿತನ ಕೈಯಿಂದ “ದಾನ”ವಾಗಿ ಬರಮಾಡಿಕೊಂಡು ಬಿಳಿಮಾಡಿಕೊಳ್ಳುವುದು ಸುಲಭವಾಯಿತು. ಇದನ್ನು ತಡೆಯಲೆಂದು ೨೦೦೪ರ ಸೆಪ್ಟೆಂಬರ್ ೧ರಿಂದ ಹೊಸ ವಿಧಿ ಬಂದಿತು. ಪ್ರತಿಫಲವಿಲ್ಲದೆ ೨೫,೦೦೦ ರೂಪಾಯಿಗಳಿಗೆ ಮೀರಿದ ಹಣ ಬಂದರೆ ಅದು ಪಡೆದವನ ವರಮಾನ ಎಂದಾಯಿತು. ೨೦೦೬ರಲ್ಲಿ ಈ ಮಿತಿಯನ್ನು ೫೦,೦೦೦ಕ್ಕೆ ಏರಿಸಿ, ವರ್ಷದಲ್ಲಿ ಎಲ್ಲರಿಂದ ಬಂದ ಹಣವನ್ನೂ ಕೂಡಿಸಿ ಲೆಕ್ಕ ಹಾಕತಕ್ಕುದೆಂದು ವಿಧಿಸಿದರು. ೧೯೬೧ರ ಕಾಯಿದೆಯ ಸ್ಥಾನದಲ್ಲಿ ೨೦೨೬ರ ಏಪ್ರಿಲ್ ೧ರಿಂದ ೨೦೨೫ರ ಹೊಸ ಕಾಯಿದೆ ನಿಂತಾಗಲೂ ಈ ತತ್ತ್ವವು ಬದಲಾಗಲಿಲ್ಲ.

ಅಂದರೆ ಹಿಂದಿನ ನಿಯಮದಲ್ಲಿ ಏನನ್ನೂ ಮಾಡದೆ ಬಂದ ಹಣ ತೆರಿಗೆಯಿಂದ ಪಾರಾಗುತ್ತಿದ್ದಿತು. ಈಗಿನ ನಿಯಮದಲ್ಲಿ ಏನನ್ನೂ ಮಾಡದೆ ಬಂದುದೆಂಬ ಕಾರಣದಿಂದಲೇ ಅದು ಸಿಕ್ಕಿಬೀಳುತ್ತದೆ. ಇನ್ನೂ ಒಂದು ಮಾತನ್ನು ಗಮನಿಸಬೇಕು. ವರ್ಷದೊಳಗೆ ೫೦,೦೦೦ ರೂಪಾಯಿ ಬಂದರೆ ತೆರಿಗೆಯಿಲ್ಲ. ಒಂದು ರೂಪಾಯಿ ಹೆಚ್ಚಾಗಿ ಬಂದರೆ ಆ ಒಂದು ರೂಪಾಯಿ ಮಾತ್ರವಲ್ಲ, ಇಡೀ ೫೦,೦೦೧ ರೂಪಾಯಿಗಳೂ ವರಮಾನವಾಗುತ್ತವೆ. ಇದು ಮೆಟ್ಟಲಲ್ಲ, ಕಡಿದಾದ ದಂಡೆ. ೨೦೦೬ರಿಂದ ಈಚೆಗೆ ಆಸ್ಪತ್ರೆಯ ವೆಚ್ಚವೂ ಶಾಲೆಯ ಶುಲ್ಕವೂ ಎಷ್ಟು ಬೆಳೆದಿವೆಯೆಂಬುದನ್ನು ಶ್ರೋತೃಗಳು ತಾವೇ ಬಲ್ಲರು. ಈ ೫೦,೦೦೦ ಮಾತ್ರ ಬೆಳೆದಿಲ್ಲ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಬಂಧುಗಳಿಂದ ಬಂದ ಹಣಕ್ಕೆ ಮಿತಿಯೇ ಇಲ್ಲದ ವಿನಾಯಿತಿಯುಂಟು. ಆದರೆ ಬಂಧುವೆಂದರೆ ಯಾರು? ಗಂಡ ಅಥವಾ ಹೆಂಡತಿ, ತನ್ನ ಒಡಹುಟ್ಟಿದವರು, ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು, ತಂದೆತಾಯಿಗಳ ಒಡಹುಟ್ಟಿದವರು, ತನಗೂ ತನ್ನ ಬಾಳಸಂಗಾತಿಗೂ ನೇರವಾಗಿ ಮೇಲೆ ಕೆಳಗೆ ಬರುವ ತಲೆಮಾರುಗಳವರು, ಇವರೆಲ್ಲರ ಗಂಡಂದಿರು, ಹೆಂಡಂದಿರು. ಕಾಯಿದೆಯ ಬಂಧುಬಳಗ ಇಲ್ಲಿಗೆ ಮುಗಿಯಿತು. ದೊಡ್ಡಪ್ಪನ ಮಗನನ್ನು ನಾವು ಅಣ್ಣನೆಂದೇ ಕರೆಯುತ್ತೇವೆ. ಕಾಯಿದೆಗೆ ಅವನು ಪರಕೀಯ. ಸೋದರಮಾವನು ಸೋದರಳಿಯನಿಗೆ ಎಷ್ಟು ಲಕ್ಷ ಕೊಟ್ಟರೂ ತೆರಿಗೆಯಿಲ್ಲ; ಮಾವನ ಆಪತ್ಕಾಲದಲ್ಲಿ ಅಳಿಯನು ಅದೇ ಹಣವನ್ನು ಹಿಂದಕ್ಕೆ ಕೊಡುಗೆಯಾಗಿ ಕೊಟ್ಟರೆ ತೆರಿಗೆಯುಂಟು. ಏಕೆಂದರೆ ಪಡೆಯುವವನ ಕಡೆಯಿಂದ ನೋಡಿದಾಗ ತಾಯಿಯ ಸೋದರನು ಪಟ್ಟಿಯಲ್ಲಿದ್ದಾನೆ, ಸೋದರಿಯ ಮಗನು ಇಲ್ಲ. ಆದರೆ ಆ ಅಳಿಯನು ನಮ್ಮ ಸೀಮೆಯ ಪದ್ಧತಿಯಂತೆ ಮಾವನ ಮಗಳನ್ನೇ ಮದುವೆಯಾಗಿದ್ದನಾದರೆ, ಮಗಳ ಗಂಡನೆಂಬ ಬಾಗಿಲಿನಿಂದ ಅವನು ಮತ್ತೆ ಬಂಧುವಾಗಿ ಒಳಗೆ ಬರುತ್ತಾನೆ! ಪಾರ್ಲಿಮೆಂಟಿನವರು ಈ ಸ್ವಾರಸ್ಯವನ್ನು ಎಣಿಸಿದ್ದರೋ ಇಲ್ಲವೋ ನಾವು ಹೇಳಲಾರೆವು. ಗೆಳೆಯನಿಗಂತೂ ಈ ಪಟ್ಟಿಯಲ್ಲಿ ಯಾವ ಬಾಗಿಲೂ ಇಲ್ಲ. ಬಾಲ್ಯದಿಂದ ಒಟ್ಟಿಗೆ ಉಂಡು ಬೆಳೆದವನಾದರೂ ಅವನು ದಾರಿಹೋಕನಿಗೆ ಸಮಾನ.

ಮದುವೆಯ ಸಂದರ್ಭವೊಂದಕ್ಕೆ ಮಾತ್ರ ಕಾಯಿದೆ ಉದಾರವಾಗಿದೆ. ಹಸೆಯ ಮೇಲೆ ಕುಳಿತ ಗಂಡು ಹೆಣ್ಣುಗಳಿಗೆ ಯಾರು ಎಷ್ಟು ಮುಯ್ಯಿ ಮಾಡಿದರೂ ತೆರಿಗೆಯಿಲ್ಲ. ಮುಯ್ಯಿಯ ಪುಸ್ತಕದಲ್ಲಿ ಹೆಸರು ಮೊತ್ತಗಳನ್ನು ಬರೆದಿಟ್ಟುಕೊಳ್ಳುವ ನಮ್ಮ ಹಳ್ಳಿಗಳ ರೂಢಿಯು ತೆರಿಗೆಯ ಅಧಿಕಾರಿಯ ಮುಂದೆಯೂ ಒಳ್ಳೆಯ ಸಾಕ್ಷ್ಯವಾಗುತ್ತದೆ. ಆದರೆ ಗೃಹಪ್ರವೇಶ, ನಾಮಕರಣ, ಷಷ್ಟಿಪೂರ್ತಿಗಳಿಗೆ ಈ ಸೌಲಭ್ಯವಿಲ್ಲ. ಉಯಿಲಿನಿಂದ ಅಥವಾ ವಾರಸಿನಿಂದ ಬಂದುದಕ್ಕೆ ವಿನಾಯಿತಿಯುಂಟು; ನೋಂದಾಯಿತವಾದ ಧರ್ಮಸಂಸ್ಥೆಗಳು ಕೊಟ್ಟ ನೆರವಿಗೂ ಸಾಮಾನ್ಯವಾಗಿ ಉಂಟು.

ಹಣದ ಬದಲು ವಸ್ತುವನ್ನು ಕೊಟ್ಟರೆ? ನೆಲ, ಮನೆ, ಚಿನ್ನ ಬೆಳ್ಳಿ, ಒಡವೆ, ಷೇರು, ಚಿತ್ರ ಶಿಲ್ಪಾದಿ ಕಲಾಕೃತಿಗಳು, ಈಚೆಗೆ ಬಂದಿರುವ ಡಿಜಿಟಲ್ ನಾಣ್ಯಗಳು, ಹೀಗೆ ಕೆಲವನ್ನು ಕಾಯಿದೆಯು ಹೆಸರಿಸಿ ತೆರಿಗೆಯ ಬಲೆಯೊಳಗೆ ತಂದಿದೆ. ಹೆಸರಿಸದುದು ಹೊರಗುಳಿಯಿತು. ಕುರಿಯ ಹೆಸರು ಅದರಲ್ಲಿಲ್ಲ. ಆದ್ದರಿಂದ ಬೆಂಗಳೂರಿನ ಗೆಳೆಯನು ೮೦,೦೦೦ ರೂಪಾಯಿಗಳನ್ನು ಕಳುಹಿಸಿದರೆ ವರಮಾನ. ಅಷ್ಟೇ ಬೆಲೆಯ ಕುರಿಗಳನ್ನು ಕೊಂಡು ರೈತನ ಹಟ್ಟಿಗೆ ಹೊಡೆಸಿದರೆ ವರಮಾನವಲ್ಲ. ಬಿತ್ತನೆಯ ಕಡಲೆಬೀಜದ ಮೂಟೆಗಳಿಗೂ ಇದೇ ನ್ಯಾಯ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿರುವವನಿಗೆ ಕುರಿಯಿಂದ ತತ್‍ಕ್ಷಣ ಏನು ಪ್ರಯೋಜನವೆಂಬುದು ಬೇರೆ ಮಾತು.

ಇನ್ನು ಸಾಲದ ವಿಚಾರ. ಹಿಂದಕ್ಕೆ ಕೊಡುತ್ತೇನೆಂಬ ಕರಾರಿನ ಮೇಲೆ ಪಡೆದ ಹಣವು, ಬಡ್ಡಿಯಿಲ್ಲದ ಕೈಗಡವಾದರೂ, ವರಮಾನವಲ್ಲ; ಅದಕ್ಕೆ ೫೦,೦೦೦ದ ಮಿತಿಯೂ ಇಲ್ಲ. ಆದರೆ ಇಲ್ಲಿ ಬೇರೆ ಎಚ್ಚರಿಕೆಗಳುಂಟು. ೨೦,೦೦೦ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯಕೂಡದು. ಬ್ಯಾಂಕಿನ ಮೂಲಕವೇ ಪಡೆಯಬೇಕು. ತಕ್ಕ ಕಾರಣವಿಲ್ಲದೆ ಮೀರಿ ನಡೆದರೆ ಪಡೆದವನಿಗೆ ಸಾಲದಷ್ಟೇ ಮೊತ್ತದ ದಂಡ ಬೀಳಬಹುದು. ಕೊಡುವವನೂ ಪಡೆಯುವವನೂ ಇಬ್ಬರೂ ಬೇಸಾಯದ ವರಮಾನವುಳ್ಳವರಾಗಿ, ಇಬ್ಬರಿಗೂ ತೆರಿಗೆಗೆ ಸಲ್ಲುವ ಬೇರೆ ವರಮಾನವಿಲ್ಲದಿದ್ದರೆ ಈ ನಿರ್ಬಂಧ ತಾಗದು. ಕುದಾಪುರದ ರೈತನು ಪಕ್ಕದ ಹೊಲದವನಿಂದ ನಗದು ಪಡೆದರೆ ಚಿಂತೆಯಿಲ್ಲ. ಬೆಂಗಳೂರಿನ ನೌಕರನಿಂದ ಪಡೆದರೆ ಉಂಟು. ಇಷ್ಟಲ್ಲದೆ, ಹಣ ಕೊಟ್ಟವನಾರು, ಅಷ್ಟು ಕೊಡುವ ಶಕ್ತಿ ಅವನಿಗಿದ್ದಿತೆ, ವ್ಯವಹಾರವು ನಿಜವಾದುದೆ ಎಂಬ ಮೂರು ಪ್ರಶ್ನೆಗಳನ್ನು ಅಧಿಕಾರಿಯು ಕೇಳಬಹುದು. ಸಾಲವೆಂದು ಬರೆದುಕೊಂಡು ವರ್ಷಗಳು ಕಳೆದರೂ ಒಂದು ಕಾಸನ್ನೂ ಹಿಂದಕ್ಕೆ ಕೊಡದೆ, ಕೊನೆಗೆ “ಬಿಡಪ್ಪ, ಅದೇನು ದೊಡ್ಡದು” ಎಂದು ಗೆಳೆಯನು ಮನ್ನಾ ಮಾಡಿದನಾದರೆ, ಆ ವರ್ಷದಲ್ಲಿ ಅದನ್ನು ಕೊಡುಗೆಯೆಂದು ಎಣಿಸುವ ಸಂಭವವುಂಟು.

ತೆರಿಗೆಯ ನಿಜವಾದ ಪೆಟ್ಟು ಯಾರ ಮೇಲೆ ಬೀಳುತ್ತದೆಯೆಂಬುದನ್ನೂ ನೋಡಬೇಕು, ಏಕೆಂದರೆ ವರಮಾನವೆಂದು ಎಣಿಸುವುದು ಬೇರೆ, ತೆರಿಗೆ ತೆರುವುದು ಬೇರೆ. ಬೇಸಾಯದ ವರಮಾನವನ್ನು ೧೮೮೬ರ ಕಾಯಿದೆಯ ಕಾಲದಿಂದಲೂ ಈ ತೆರಿಗೆಯಿಂದ ಹೊರಗಿಟ್ಟಿದ್ದಾರೆ. ನಮ್ಮ ರೈತನ ೮೦,೦೦೦ವನ್ನು ಕೊಡುಗೆಯೆಂದೇ ಹಿಡಿದರೂ, ಬೇರೆ ವರಮಾನವಿಲ್ಲದ ಅವನ ಲೆಕ್ಕವು ೨೦೨೫-೨೬ರ ಹೊಸ ಪದ್ಧತಿಯ ಮೂಲ ವಿನಾಯಿತಿಯಾದ ೪ ಲಕ್ಷಕ್ಕೆ ಎಷ್ಟೋ ಕೆಳಗೆ ನಿಲ್ಲುತ್ತದೆ. ತೆರಿಗೆ ಸೊನ್ನೆ. ಹಳ್ಳಿಯ ಕಟ್ಟೆಯ ಮೇಲೆ ಯಾರಾದರೂ ಅವನನ್ನು ಹೆದರಿಸಿದ್ದರೆ ಆ ಹೆದರಿಕೆಗೆ ಆಧಾರವಿಲ್ಲ.

ಆದರೆ ಚಳ್ಳಕೆರೆಯ ಪೇಟೆಯಲ್ಲೋ ಬೆಂಗಳೂರಿನಲ್ಲೋ ಇರುವ ಸಂಬಳಗಾರನ ಗತಿ ಬೇರೆ. ವರ್ಷಕ್ಕೆ ೧೨ ಲಕ್ಷ ಸಂಬಳದವನೊಬ್ಬನಿಗೆ ಹೃದಯದ ಚಿಕಿತ್ಸೆಯಾಗಬೇಕಾಗಿ, ಹಳೆಯ ಸಹಪಾಠಿಗಳು ಕೂಡಿ ೬ ಲಕ್ಷ ರೂಪಾಯಿ ಕೊಟ್ಟರೆನ್ನೋಣ. ನೆರವು ಬರುವುದಕ್ಕೆ ಮುಂಚೆ, ೭೫,೦೦೦ದ ಸಾಮಾನ್ಯ ಕಡಿತವನ್ನು ಕಳೆದು ಉಳಿದ ೧೧,೨೫,೦೦೦ಕ್ಕೆ ೨೦೨೫-೨೬ರ ಹೊಸ ಪದ್ಧತಿಯಲ್ಲಿ ರಿಯಾಯಿತಿಯಿಂದಾಗಿ ತೆರಿಗೆಯೇ ಇರಲಿಲ್ಲ. ನೆರವನ್ನು ಕೂಡಿಸಿದೊಡನೆ ವರಮಾನವು ೧೭,೨೫,೦೦೦ವಾಗಿ, ರಿಯಾಯಿತಿ ತಪ್ಪಿ, ತೆರಿಗೆ ೧,೪೫,೦೦೦ವಾಗುತ್ತದೆ; ಶೇಕಡ ೪ರ ಉಪಕರವನ್ನು ಸೇರಿಸಿದರೆ ೧,೫೦,೮೦೦. ಗೆಳೆಯರು ಕೊಟ್ಟ ಆರು ಲಕ್ಷದಲ್ಲಿ ಕಾಲುಭಾಗಕ್ಕೂ ಮಿಗಿಲಾದುದು ಬೊಕ್ಕಸಕ್ಕೆ ಸಂದಿತು. ಹಣವೆಲ್ಲ ಆಸ್ಪತ್ರೆಗೇ ಹೋಯಿತೆಂದು ರಸೀದಿ ತೋರಿಸಿದರೂ ಪ್ರಯೋಜನವಿಲ್ಲ. ಹಣವು ಯಾವುದಕ್ಕೆ ವೆಚ್ಚವಾಯಿತೆಂಬುದನ್ನು ಕಾಯಿದೆ ಕೇಳುವುದಿಲ್ಲ. ಕಳ್ಳ ಲೆಕ್ಕದವನಿಗಾಗಿ ಒಡ್ಡಿದ ಬಲೆಗೆ ರೋಗಿಯು ಬಿದ್ದಂತಾಯಿತು.

ಈ ದೋಷವು ಸರ್ಕಾರಕ್ಕೆ ಕಾಣದೆ ಇಲ್ಲ. ಕೋವಿಡ್ ಮಾರಿಯ ಕಾಲದಲ್ಲಿ ನೆರೆಹೊರೆಯವರೂ ಗೆಳೆಯರೂ ಒಬ್ಬರಿಗೊಬ್ಬರು ಹಣವೊದಗಿಸಿದಾಗ, ಆ ರೋಗದ ಚಿಕಿತ್ಸೆಗಾಗಿ ಯಾರಿಂದ ಬಂದ ನೆರವಾದರೂ ತಕ್ಕ ದಾಖಲೆಗಳಿದ್ದರೆ ವರಮಾನವಲ್ಲವೆಂದು ೨೦೨೨ರ ಹಣಕಾಸು ಕಾಯಿದೆಯು ವಿಧಿಸಿ, ಹಿಂದಿನ ೨೦೨೦ರ ಏಪ್ರಿಲ್ಲಿನಿಂದಲೇ ಅದನ್ನು ಅನ್ವಯಿಸಿತು. ಆ ರೋಗದಿಂದ ಸತ್ತವರ ಕುಟುಂಬಕ್ಕೆ ಒಂದು ವರ್ಷದೊಳಗಾಗಿ ಇತರರಿಂದ ಬಂದ ನೆರವಿಗೂ ೧೦ ಲಕ್ಷದವರೆಗೆ ವಿನಾಯಿತಿ ಕೊಟ್ಟಿತು. ಒಂದು ರೋಗಕ್ಕೆ ಸಲ್ಲುವ ಕನಿಕರವು ಕ್ಯಾನ್ಸರಿಗೂ ಮೂತ್ರಕೋಶದ ಬೇನೆಗೂ ಏಕೆ ಸಲ್ಲಬಾರದು? ಆಸ್ಪತ್ರೆಯ ರಸೀದಿಗಳನ್ನು ಒಂದು ರೋಗದಲ್ಲಿ ನಂಬಬಹುದಾದರೆ ಮಿಕ್ಕ ರೋಗಗಳಲ್ಲಿಯೂ ನಂಬಬಹುದೆಂದೇ ನಮ್ಮ ಅಭಿಪ್ರಾಯ.

ಕಾಯಿದೆಯು ತಿದ್ದುಪಡಿಯಾಗುವವರೆಗೆ ಮಾಡತಕ್ಕುದೇನು? ಸಾಲವೆಂಬುದು ಇಬ್ಬರ ಮನಸ್ಸಿನಲ್ಲಿಯೂ ನಿಜವಾಗಿದ್ದರೆ, ಹಣ ಕೈಸೇರಿದ ದಿನವೇ ಒಂದು ಕಾಗದದಲ್ಲಿ ಮೊತ್ತ, ತಾರೀಖು, ಹಿಂದಿರುಗಿಸುವ ಬಗೆ ಇವನ್ನು ಬರೆದು ಇಬ್ಬರೂ ರುಜು ಹಾಕಿ, ಬಳಿಕ ಶಕ್ತ್ಯನುಸಾರವಾಗಿ ಬ್ಯಾಂಕಿನ ಮೂಲಕ ತೀರಿಸುತ್ತ ಬರುವುದು. ಕೊಡುಗೆಯೆಂಬುದೇ ನಿಜವಾದರೆ, ಅದಕ್ಕೂ ಗೆಳೆಯನಿಂದ ಒಂದು ಕಾಗದವನ್ನು ಪಡೆದಿಟ್ಟುಕೊಂಡು, ಮಿತಿ ಮೀರಿದ್ದರೆ ತನ್ನ ವರಮಾನದ ಲೆಕ್ಕದಲ್ಲಿ ತೋರಿಸುವುದು. ಕೊಡುಗೆಯನ್ನು ಸಾಲವೆಂದು ಸುಳ್ಳು ಕಾಗದ ಬರೆಯುವ ಉಪಾಯವನ್ನು ಕೆಲವರು ಬೋಧಿಸುತ್ತಾರೆ. ಅದು ಅಪರಾಧವೆಂಬುದಿರಲಿ, ಅಂಥ ಕಾಗದವು ಗೆಳೆಯನ ಪೆಟ್ಟಿಗೆಯಲ್ಲಿ ಉಳಿದು, ಅವನು ಕಾಲವಾದ ಮೇಲೆ ಅವನ ಮಕ್ಕಳು ಅದನ್ನು ಹಿಡಿದು ಬಾಕಿ ಕೇಳಲು ಬಂದರೆ, ಸಾಲವಲ್ಲವೆಂದು ಹೇಳುವ ಬಾಯಿ ಯಾವುದು?

ಗೆಳೆಯರ ನಡುವೆ ಕಾಗದವೇಕೆ ಎಂಬ ಸಂಕೋಚವನ್ನು ನಾವು ಅರಿಯದವರಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತವನಿಗೆ ಪತ್ರ ಬರೆಸುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆದರೆ ಹೆಂಡತಿಯು ಗುಣವಾಗಿ ಮನೆಗೆ ಬಂದು, ನಾಯಕನಹಟ್ಟಿಯ ಜಾತ್ರೆಗೋ ಹಬ್ಬಕ್ಕೋ ಬೆಂಗಳೂರಿನ ಗೆಳೆಯನು ಕುದಾಪುರಕ್ಕೆ ಬಂದಾಗ, ಜಗುಲಿಯ ಮೇಲೆ ಕುಳಿತು “ಆಮೇಲೆ ನೋಡೋಣ ಅಂದಿದ್ದೆಯಲ್ಲ, ಈಗ ನೋಡೋಣ” ಎಂದು ರೈತನೇ ಮಾತನ್ನೆತ್ತಬಹುದು. ಆರ್ಥಿಕ ವರ್ಷವು ಮಾರ್ಚ್ ೩೧ಕ್ಕೆ ಮುಗಿಯುತ್ತದೆ. ಅದಕ್ಕೆ ಮುಂಚೆ ಈ ಮಾತು ನಡೆಯುವುದು ಒಳ್ಳೆಯದು.